ಗುತ್ತೂರಿನ ಅಳಿಯ ಹಡಗು ಹತ್ತಿದ್ದು

ಕಳೆದ ದೀಪಾವಳಿಯ ಮೊದಲ ಬಹುಮಾನದ ಸ್ಕೂಟರ್ ಈಗ ವಿದ್ಯಾನಗರದ ಒಂದು ಕಾಂಪೌಂಡಿನೊಳಗೆ ಟವೆಲ್ ಒಣಗಿಸುವ ಕೆಲಸಕ್ಕಿತ್ತು. ಗೆದ್ದವರ ಮನೆಯಲ್ಲಿ ಮೊದಲೇ ಓಡಿಸುವವರಿಗಿಂತ ಗಾಡಿಗಳು ಹೆಚ್ಚು. ಆ ಮನೆಗೆ ಸೀರೆ ತೋರಿಸಲು ಹೋದಾಗಲೆಲ್ಲ ಶಿವಮೂರ್ತಿಯ ಕಣ್ಣು ಅದರ ಮೇಲೆ ಬೀಳುತ್ತಿತ್ತು. ಹ್ಯಾಂಡಲಿಗೆ ಒಂದು ಬನಿಯನ್, ಸೀಟಿನ ಮೇಲೆ ಒದ್ದೆ ಟವೆಲ್.

ಆ ಸ್ಕೂಟರ್ ಯಾರಿಗೆಂದು ಚೀಟಿ ಎತ್ತಲು ಕೂಪನ್ನಿನ ಡ್ರಮ್ಮು ತಿರುಗಿಸಿದ್ದು ಅವನೇ. ಸಾಹುಕಾರ್ ನಾಗರಾಜಪ್ಪನವರ ಸೀರೆ ಅಂಗಡಿಯ ರೇಷ್ಮೆ ಕೌಂಟರಿಗೆ ಅವನೇ ಹಿರಿಯ. ಪ್ರತಿ ದೀಪಾವಳಿಗೂ ಡ್ರಮ್ಮು ತಿರುಗಿಸುವುದು ಅವನ ಕೈ, ಬಹುಮಾನ ಹಿಡಿಯುವುದು ಬೇರೆಯವರ ಕೈ. ಅಂಗಡಿಯ ನೌಕರರೂ ಅವರ ನೆಂಟರೂ ಇದಕ್ಕೆ ಅರ್ಹರಲ್ಲ ಎಂದು ಕೂಪನ್ನಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ನೌಕರರಿಗೆ ಒಂದು ಡಬ್ಬಿ ಮೈಸೂರು ಪಾಕ್, ಅದರ ಮೇಲೆ ಸಾಹುಕಾರರ ಮಾತು: "ಮುಂದಿನ ವರ್ಷ ನಿಮ್ಮನ್ನೆಲ್ಲಾ ಎಲ್ಲಿಗಾದ್ರೂ ಟೂರ್ ಕರ್ಕೊಂಡು ಹೋಗಾಣಂತ್ರಪಾ."

ಈ ವರ್ಷದ ಪೋಸ್ಟರನ್ನು ಗಾಜಿಗೆ ಅಂಟಿಸುತ್ತಿದ್ದಾಗಲೇ ಅವನು ಕಳ್ಳನಾದ. ಅದರಲ್ಲಿ ಮದುವೆ ಮಂಟಪದಂತೆ ದೀಪ ಹಚ್ಚಿಕೊಂಡ ಬಿಳಿ ಹಡಗೊಂದಿತ್ತು. ಮುಂಬೈಯಿಂದ ಹೊರಡುವ ವಿಹಾರ, ಇಬ್ಬರಿಗೆ. ಮದುವೆಯಾದ ಹೊಸದರಲ್ಲಿ ಪುಷ್ಪಲತಾಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟವನು ಹರಿಹರದ ಸೇತುವೆ ಮೇಲೆ ನಿಲ್ಲಿಸಿ, ತುಂಬಿದ ತುಂಗಭದ್ರೆಗೆ ಕೈ ತೋರಿಸಿ, "ಇದಕ್ಕೆ ಒಂದಿಷ್ಟು ಉಪ್ಪು ಹಾಕಿದ್ರೆ ಅದಾ ಸಮುದ್ರ" ಅಂದಿದ್ದ. ಅವಳು ಅವತ್ತು ನಕ್ಕಿದ್ದಳು. ಆಮೇಲೆ ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ, "ಉಣ್ರಿ, ಸಮುದ್ರ ಬಡಿಸೀನಿ" ಅನ್ನುತ್ತ ಬಂದಿದ್ದಳು.

ಈಗ ನೋಡಿ. ಅದೇ ಪುಷ್ಪಲತಾ ಹಡಗಿನ ಮೇಲಟ್ಟದ ಕಟಕಟೆ ಹಿಡಿದು ನಿಂತಿದ್ದಾಳೆ. ಕೆಳಗೆ ನಿಜವಾದ ಉಪ್ಪು ನೀರು. ಶಿವಮೂರ್ತಿ ಒರಗು ಕುರ್ಚಿಯಲ್ಲಿ ಕಾಲು ಚಾಚಿ, ಬಣ್ಣದ ಶರಬತ್ತು ಹೀರುತ್ತ, ತನ್ನ ಅಪರಾಧವನ್ನು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಮಡಿಕೆ ಬಿಚ್ಚಿ ನೋಡುತ್ತಿದ್ದಾನೆ, ಗಿರಾಕಿಗೆ ಸೀರೆ ತೋರಿಸುವಾಗ ಸೆರಗಿನಿಂದ ಶುರು ಮಾಡಿದಂತೆ. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ.

ಮೊದಲು ಹೆಸರು. ತನ್ನದು ಆಗದು, ಹೆಂಡತಿಯದೂ ಆಗದು. ಹರಿಹರದ ಪಕ್ಕದ ಗುತ್ತೂರಿನಲ್ಲಿ ಅತ್ತೆ ದುರುಗವ್ವ ಇದ್ದಳು. ಅಂಗಡಿಯವರು ಯಾರೂ ಅವಳನ್ನು ಕಂಡಿರಲಿಲ್ಲ. ತನ್ನ ದುಡ್ಡಿನಲ್ಲೇ ಅವಳ ಹೆಸರಿಗೆ ಒಂದು ಸೀರೆ ಬಿಲ್ ಮಾಡಿಸಿ ಕೂಪನ್ ಪಡೆದ.

ಆಮೇಲೆ ಡ್ರಮ್ಮು. ಚೀಟಿ ಎತ್ತುವುದು ಯಾವಾಗಲೂ ಸಾಹುಕಾರರ ಪುಟ್ಟ ಮೊಮ್ಮಗಳು ಸ್ನೇಹಾ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಅವಳನ್ನು ಸೊಂಟ ಹಿಡಿದು ಎತ್ತುವವನು ಶಿವಮೂರ್ತಿ. ಎಷ್ಟು ಎತ್ತಿದರೆ ಅವಳ ಕೈ ಎಲ್ಲಿಗೆ ಮುಟ್ಟುತ್ತದೆಂಬುದು ಅವನೊಬ್ಬನಿಗೇ ಗೊತ್ತಿದ್ದ ವಿದ್ಯೆ. ದುರುಗವ್ವನ ಕೂಪನ್ನನ್ನು ಡ್ರಮ್ಮಿನ ಬಾಯಿಯ ಒಳಮೈಗೆ, ಬೆಲೆಚೀಟಿ ಅಂಟಿಸುವ ಗೋಂದಿನ ಒಂದು ತೊಟ್ಟು ಹಚ್ಚಿ ಕೂರಿಸಿದ್ದ. ತಿರುಗಿಸಿದರೆ ಬೀಳಬಾರದು, ಬೆರಳು ತಾಗಿದರೆ ನಿಲ್ಲಬಾರದು, ಅಷ್ಟೇ ಗೋಂದು. ಅವತ್ತು ಮಗುವನ್ನು ಒಂದು ಗೇಣು ಕಡಿಮೆ ಎತ್ತಿದ. ಉಳಿದದ್ದನ್ನು ಆ ಪುಟ್ಟ ಬೆರಳುಗಳು ನೋಡಿಕೊಂಡವು.

ಇನ್ನು ಬಹುಮಾನ ವಿತರಣೆಯ ದಿನ. ಗುರುತು ತೋರಿಸಬೇಡ ಎಂದು ಅತ್ತೆಗೆ ಹೇಳಿಕೊಟ್ಟಿದ್ದ. ಅವಳು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಕಲಿತು ಬಂದಿದ್ದಳು. ಅವನು "ಬರ್ರಿ ಅಮ್ಮಾ, ಕೂಡ್ರಿ" ಎಂದು ಕೈ ಹಿಡಿದರೆ, "ಯಾರಪಾ ನೀನು? ಕೈ ಬಿಡು, ನನಗೇನು ಕಣ್ಣು ಕಾಣಲ್ಲೇನು?" ಎಂದು ಎಲ್ಲರೆದುರು ಗದರಿದಳು. ಸಾಹುಕಾರರು ನಕ್ಕುಬಿಟ್ಟರು. "ಹಡಗು ಗಿಡಗು ನನಗ್ಯಾಕ್ರಿ? ಬಸ್ ಹತ್ತಿದ್ರೆ ವಾಂತಿ ಬರ್ತೈತೆ. ಮಗಳು ಅಳಿಯ ಹೋಗ್ತಾರೆ" ಅಂದಾಗ ಅವರು ಸಂತೋಷದಿಂದ ಒಪ್ಪಿ, "ಶಿವಮೂರ್ತಿ, ಆ ಟಿಕೆಟ್ಟಿನ ವ್ಯವಹಾರ ನೀನೇ ನೋಡಿಕ್ಯಾ" ಎಂದರು. ಮಗಳು ಅಳಿಯನ ಹೆಸರು ಹೀಗೆ ಶಿವಮೂರ್ತಿಯ ಕೈಯಿಂದ ನೇರ ಟ್ರಾವೆಲ್ಸಿನವರ ಕೈಗೆ ಹೋಯಿತು.

ಅಂಗಡಿಯ ಫ್ಲೆಕ್ಸ್ ಬಗ್ಗೆಯೂ ಅವನು ಯೋಚಿಸಿದ್ದ. ಗೆದ್ದವರ ಫೋಟೋ ಬಾಗಿಲ ಮೇಲೆ ರಾರಾಜಿಸುವುದು ವಾಡಿಕೆ. ರಟ್ಟಿನ ದೊಡ್ಡ ಟಿಕೆಟ್ ಹಿಡಿದ ದುರುಗವ್ವನೊಬ್ಬಳನ್ನೇ ನಿಲ್ಲಿಸಿ ಫೋಟೋ ತೆಗೆಸಿದ. ಮಗಳು ಅಳಿಯ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ರಜೆಗೆ ದೇವರನ್ನು ಹಿಡಿದ. ದೇವರಗುಡ್ಡದ ಮೈಲಾರಲಿಂಗ ಮನೆದೇವರು, ಹರಕೆ ಬಾಕಿ ಐತ್ರಿ ಎಂದ. ದೇವರ ಕೆಲಸಕ್ಕೆ ಸಾಹುಕಾರರು ಇಲ್ಲ ಅಂದವರಲ್ಲ. ಒಳ್ಳೆ ಜುಟ್ಟಿರುವ ಒಂದು ತೆಂಗಿನಕಾಯಿ ಆರಿಸಿ ಕೊಟ್ಟು, "ನನ್ನ ಹೆಸರಿನಾಗೆ ಒಂದು ಒಡೆಸ್ಕೊಂಡು ಬಾ" ಎಂದರು. ಆ ಕಾಯಿ ಮುಂಬೈವರೆಗೆ ರೈಲಿನಲ್ಲಿ ಬಂತು. ಬಂದರಿನ ತಪಾಸಣೆಯವರು ಪೆಟ್ಟಿಗೆ ತೆರೆಸಿ, ಕಾಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಡಗಿಗೆ ಬಿಡುವುದಿಲ್ಲವೆಂದು ಪಕ್ಕಕ್ಕಿಟ್ಟರು. ಸಾಹುಕಾರರ ಭಕ್ತಿ ಅಲ್ಲೇ ಪ್ಲಾಸ್ಟಿಕ್ ಟ್ರೇಯಲ್ಲಿ ಉಳಿಯಿತು.

ಬಾಯಿಗಳಿಗೂ ಬೀಗ ಹಾಕಿದ್ದ. ಪುಷ್ಪಲತಾ ಸ್ಟೇಟಸ್ ಹಾಕುವಂತಿಲ್ಲ, ತಾವಿರುವ ನಿಟ್ಟುವಳ್ಳಿಯ ಓಣಿಯ ಹೆಂಗಸರ ಗುಂಪಿಗೆ ಫೋಟೋ ಕಳಿಸುವಂತಿಲ್ಲ. ಉಳಿದವನು ಅವಳ ತಮ್ಮ ಮಾಲತೇಶ್. ಗುತ್ತೂರಿನ ಗೆಳೆಯರ ಬಳಗದ ಅಧ್ಯಕ್ಷ, ತನ್ನ ಹಸು ಅವಳಿ ಕರು ಹಾಕಿದ್ದನ್ನೂ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದ ಮನುಷ್ಯ. ಅಂಥವನಿಗೆ ಕೂಪನ್ನಿನ ಹಿಂದಿನ ನಿಯಮದ ಕತೆ ಹೇಳುವುದು ಅಪಾಯ. ಅದಕ್ಕೇ ಶಿವಮೂರ್ತಿ ಅವನಿಗೆ ಬೇರೆಯೇ ಕಾರಣ ಕೊಟ್ಟಿದ್ದ. "ಹಡಗು ಹತ್ತೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಮಾಲತೇಶಾ, ಜನರ ಕಣ್ಣು ಬೀಳ್ತೈತೆ." ಕೆಟ್ಟ ಕಣ್ಣಿನ ಮಾತು ಬಂದರೆ ಗುತ್ತೂರಿನಲ್ಲಿ ಎರಡನೆಯ ಪ್ರಶ್ನೆ ಇಲ್ಲ. ಮಾಲತೇಶ್ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದ, ಆಣೆಯನ್ನು ಅಕ್ಷರಶಃ ಉಳಿಸಿಕೊಂಡೂ ಇದ್ದ.

ಹಡಗು ಮಾತ್ರ ಪೋಸ್ಟರಿಗಿಂತ ಚೆನ್ನಾಗಿತ್ತು. ಮಧ್ಯಾಹ್ನ ಹತ್ತಿದ ತಕ್ಷಣ ಊಟ. ದೋಸೆಯೂ ಇತ್ತು. ಬೆಣ್ಣೆದೋಸೆಯ ಊರಿನ ಪುಷ್ಪಲತಾ ಒಂದು ತುಂಡು ಮುರಿದು ಬಾಯಿಗಿಟ್ಟು, "ಬೆಣ್ಣೆ ಎಲ್ಲಿ?" ಎಂದು ಬಡಿಸುವವನನ್ನು ಕನ್ನಡದಲ್ಲೇ ಕೇಳಿದಳು. ಅವನು ಬೆರಳುಗುರಿನಷ್ಟು ಬೆಣ್ಣೆಯ ಪೊಟ್ಟಣ ಕೊಟ್ಟ. "ಅಯ್ಯೋ ಪಾಪ, ಇಷ್ಟು ದೊಡ್ಡ ಹಡಗು ಕಟ್ಯಾರೆ, ಬೆಣ್ಣೆಗೆ ಬಡತನ" ಎಂದು ಮರುಗಿದಳು. ಆಮೇಲೆ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ಹಡಗು ಮುಳುಗಿದರೆ ಏನು ಮಾಡಬೇಕೆಂದು ಪಾಠ ಮಾಡಿದರು. ಶಿವಮೂರ್ತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳುಗುವ ಪೈಕಿ ತಾನಲ್ಲವೆಂಬ ಖಾತ್ರಿ ಅವನಿಗಿತ್ತು.

ಆಗಲೇ ಮಾಲತೇಶನ ಫೋನ್ ಬಂದದ್ದು. ಪುಷ್ಪಲತಾ ಸ್ಪೀಕರ್ ಹಾಕಿದಳು.

"ಅಕ್ಕಾ, ಹಡಗು ಹತ್ತಿದ್ರಾ?"

"ಹತ್ತಿ, ಉಂಡು, ಜಾಕೀಟು ತೊಟ್ಕಂಡು ನಿಂತೀವಿ ನೋಡಪಾ!"

"ಹಂಗಾದ್ರೆ ಭಾವಂದು ಒಂದು ಚಲೋ ಫೋಟೋ ಕಳಸು. ಮುಖ ಚಂದಾಗಿ ಕಾಣಬೇಕು."

ಪುಷ್ಪಲತಾ ಗಂಡನ ಕಡೆ ನೋಡಿದಳು. ಅವನು ಉದಾರವಾಗಿ ಕೈಯಾಡಿಸಿದ. ಗುತ್ತೂರಿನಲ್ಲಿ ಅತ್ತೆ ನೋಡಿ ಖುಷಿಪಡಲಿ, ಅಲ್ಲಿಗೂ ಅಂಗಡಿಗೂ ಏನು ಸಂಬಂಧ? ಹಡಗಿನ ಫೋಟೋದವನಿಂದ ಕಪ್ತಾನನ ಟೋಪಿ ಕೇಳಿ ಪಡೆದು, ಕೂಲಿಂಗ್ ಗ್ಲಾಸ್ ತೆಗೆದು, ಸೊಂಟಕ್ಕೆ ಕೈ ಕೊಟ್ಟು ನಿಂತ.

ಸಂಜೆ ಹಡಗು ಉದ್ದಕ್ಕೆ ಕೂಗಿ ದಡ ಬಿಟ್ಟಿತು. ಹಾಡು ಶುರುವಾಯಿತು, ಗೊತ್ತಿಲ್ಲದವರೆಲ್ಲ ಒಬ್ಬರಿಗೊಬ್ಬರು ಕೈ ಬೀಸಿದರು. ಮುಂಬೈಯ ಕಟ್ಟಡಗಳು ಬೆಂಕಿಪೊಟ್ಟಣಗಳಾದವು. ಪುಷ್ಪಲತಾ ತುಟಿಗೆ ಸಿಡಿದ ಹನಿಯನ್ನು ನಾಲಿಗೆಯಿಂದ ಸವರಿ, "ರೀ, ಖರೇವಂದ್ರೂ ಉಪ್ಪೈತ್ರಿ" ಎಂದಳು. ಅವಳ ಕಣ್ಣು ತುಂಬಿತ್ತು. ಶಿವಮೂರ್ತಿಗೆ ಆ ಕ್ಷಣ ತನ್ನ ಅಪರಾಧ ಅಪರಾಧವೇ ಅಲ್ಲ, ತಡವಾಗಿ ಮಾಡಿದ ಕರ್ತವ್ಯ ಅನ್ನಿಸಿತು.

ಜೇಬಿನಲ್ಲಿ ಫೋನ್ ಮಿಡಿಯಿತು. ಸಿಗ್ನಲ್ಲಿನ ಕೊನೆಯ ಗೀಟು ಮಿಣುಕುತ್ತಿತ್ತು. ಮಾಲತೇಶನ ಸಂದೇಶ: 'ಭಾವ, ಹಡಗು ಹತ್ತೋ ತನಕ ಯಾರಿಗೂ ಹೇಳಿಲ್ಲ. ಈಗ ನೋಡ್ರಿ!' ಕೆಳಗೊಂದು ಫೋಟೋ ನಿಧಾನವಾಗಿ ಬಿಚ್ಚಿಕೊಂಡಿತು. ಸೀರೆ ಅಂಗಡಿಯ ಎದುರಿನ ರಸ್ತೆಗೆ ಅಡ್ಡಲಾಗಿ ಹೊಚ್ಚಹೊಸ ಫ್ಲೆಕ್ಸ್, ಅದರ ತುಂಬ ಕಪ್ತಾನನ ಟೋಪಿ ಹಾಕಿದ ಶಿವಮೂರ್ತಿ. 'ಸಮುದ್ರಯಾನ ಕೈಗೊಂಡ ಗುತ್ತೂರಿನ ಹೆಮ್ಮೆಯ ಅಳಿಯನಿಗೂ, ಬಹುಮಾನ ಕೊಟ್ಟ ಸಾಹುಕಾರ್ ನಾಗರಾಜಪ್ಪನವರಿಗೂ ಹಾರ್ದಿಕ ಅಭಿನಂದನೆಗಳು.' ಮೂಲೆಯ ದುಂಡು ಚೌಕಟ್ಟಿನಲ್ಲಿ ದುರುಗವ್ವ, ಕೆಳಗೆ ಸಾಲಾಗಿ ಗೆಳೆಯರ ಬಳಗ. ಹಸುವಿನ ಅವಳಿ ಕರುಗಳಿಗೇ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದವನು ಮಾಲತೇಶ್. ಇಷ್ಟೆಲ್ಲ ಲೆಕ್ಕ ಹಾಕಿದ ಶಿವಮೂರ್ತಿಗೆ ಆ ಕರುಗಳು ನೆನಪಾಗಿರಲಿಲ್ಲ. ಫ್ಲೆಕ್ಸಿನ ಕೆಳಗೆ ನಾಗರಾಜಪ್ಪನವರು ಮಾಲತೇಶ್ ಹಾಕಿದ ಹಾರ, ಹೊದಿಸಿದ ಶಾಲು ಹೊತ್ತು ಕ್ಯಾಮೆರಾ ಕಡೆ ಮುಖ ಮಾಡಿ ಬಾಯ್ತುಂಬ ನಗುತ್ತಿದ್ದರು. ಅವರಿನ್ನೂ ತಿರುಗಿ ಮೇಲೆ ನೋಡಿರಲಿಲ್ಲ.