ಆನೆಕೆರೆಯ ನೀರುಗಾಡಿ

1983ರ ನವೆಂಬರ್ 20, ರವಿವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸವಣೂರಿನ ಖತೀಜಾಬಿ ಹಾನಗಲ್ ಪೊಲೀಸ್ ಠಾಣೆಗೆ ಬಂದಳು. ಮಗನ ಹೆಣವನ್ನು ದವಾಖಾನೆಯಲ್ಲಿ ಆಗಷ್ಟೇ ನೋಡಿ ಬಂದಿದ್ದಳು. ಪಿ.ಎಸ್.ಐ. ಉಳವಪ್ಪ ಕಮ್ಮಾರ ಕುರ್ಚಿ ತೋರಿಸಿದರೂ ಆಕೆ ಕೂಡಲಿಲ್ಲ.

"ಮಜೀದ ತಾನಾಗಿ ಮುಳುಗಿ ಸತ್ತಿಲ್ರಿ, ಸಾಹೇಬ್ರ. ಅಳಿಯ ಕೊಂದಾನ. ಬರ್ಕೊಳ್ರಿ."

"ಯಾಕ ಕೊಲ್ತಾನಮ್ಮಾ?"

"ಆ ಗಾಡಿ ಸಲುವಾಗಿ ಇಬ್ಬರಿಗೂ ಜಗಳ ಇತ್ತು. ದೀಪಾವಳಿ ಮುಂದ ಬಾಯಿಗೆ ಬಾಯಿ ಹತ್ತಿತ್ತು."

ಅಂದು ಬೆಳಿಗ್ಗೆ ಆನೆಕೆರೆಯ ದಂಡೆಯಲ್ಲಿ ನಿಂತು ಉಳವಪ್ಪನೇ ಅದನ್ನು ಆಕಸ್ಮಿಕ ಸಾವು ಎಂದು ಬರೆಸಿದ್ದ. ಈಗ ಆ ಕಾಗದವನ್ನು ಬದಿಗಿಟ್ಟು, ಕೊಲೆಯ ಕಲಂ 302ರ ಕೆಳಗೆ ಎಫ್.ಐ.ಆರ್. ದಾಖಲಿಸಿದ. ಆಕೆ ಹೆಬ್ಬೆಟ್ಟು ಒತ್ತಿದಳು.

ಅಳಿಯ ಮಕ್ತುಮಸಾಬ ಅಕ್ಕಿಆಲೂರಿನವನು. ಅಕ್ಕಿ ಗಿರಣಿಗಳ ಇಂಜಿನ್ ದುರಸ್ತಿ ಮಾಡುತ್ತಿದ್ದ. ಹಿಂದಿನ ವರ್ಷ ಗೋವಾದ ಗುಜರಿಯಿಂದ ಒಂದು ವಿಚಿತ್ರ ಯಂತ್ರ ತಂದಿದ್ದ. ಸಮುದ್ರದಲ್ಲಿ ಪರದೇಶದವರು ಪಂದ್ಯಕ್ಕೆ ಓಡಿಸಿ, ಬಂಡೆಗೆ ಗುದ್ದಿ ಒಡೆದು ಬಿಟ್ಟುಹೋದ ನೀರಿನ ಸ್ಕೂಟರು ಅದು. ಅಕ್ಕಿಆಲೂರಿನವರು ಅದಕ್ಕೆ ನೀರುಗಾಡಿ ಎಂದು ಹೆಸರಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮೀನುಗಾರರು ಮುಳುಗಿ, ಮಜೀದ ಓಡಿಸುತ್ತಿದ್ದಾಗ ಕೆರೆಯ ತಳ ಸೇರಿದ್ದ ಗಾಡಿಗೆ ಹಗ್ಗ ಕಟ್ಟಿದರು. ಟ್ರ್ಯಾಕ್ಟರು ಎಳೆಯಿತು. ಬಳ್ಳಿ, ಕೆಸರು ಮೆತ್ತಿಕೊಂಡ ಗಾಡಿ ದಂಡೆಗೆ ಬಂತು. ಇಬ್ಬರು ಪಂಚರ ಎದುರು ಹೆಡ್ ಕಾನ್‌ಸ್ಟೇಬಲ್ ಗುತ್ತೆಪ್ಪ ಪಂಚನಾಮೆ ಬರೆಯತೊಡಗಿದ. ಉಳವಪ್ಪ ಮೊಣಕಾಲೂರಿ ಗಾಡಿಯ ಸುತ್ತ ಕೈಯಾಡಿಸಿದ. ಕಮ್ಮಾರರ ಮನೆಯಲ್ಲಿ ಹುಟ್ಟಿದವನು, ಲೋಹದ ವಿಷಯದಲ್ಲಿ ಕಣ್ಣಿಗಿಂತ ಬೆರಳನ್ನೇ ನಂಬುತ್ತಿದ್ದ.

ಹಿಂಬದಿಯ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತಿತ್ತು. ಒಳಗೆ ಬಿರಡೆ ತಿರುಗಿಸಿ ಕೂಡಿಸುವ ಸುತ್ತುಗೆರೆಗಳಿದ್ದವು. ಒಂದೂ ಸವೆದಿರಲಿಲ್ಲ, ಹರಿದಿರಲಿಲ್ಲ. ಸಂದಿನಲ್ಲಿ ನಲ್ಲಿಯವರು ಬಳಸುವ ಬಿಳಿ ಸಫೇದಾ, ನೂಲಿನ ಎಳೆ ಉಳಿದಿದ್ದವು.

"ಗುತ್ತೆಪ್ಪ, ಇದು ಒಡದದ್ದಲ್ಲ," ಎಂದ ಉಳವಪ್ಪ. "ಪಾನಾ ಹಾಕಿ ಬಿಚ್ಚ್ಯಾರ. ಬರಿ."

ದಂಡೆಯ ಮೇಲೆ ಮಜೀದ ಕಳಚಿಟ್ಟ ಅಂಗಿಯನ್ನು ಹಿಂದಿನ ದಿನವೇ ವಶಪಡಿಸಿಕೊಂಡಿದ್ದರು. ಅದರ ಕಿಸೆಯಲ್ಲಿ ರವಿವಾರದ ಮೊದಲ ಬಸ್ಸಿನ ಟಿಕೆಟು, ಒಂದು ಅಂಚೆ ಕಾರ್ಡು ಇದ್ದವು. ಉಳವಪ್ಪ ಕಾರ್ಡನ್ನು ಓದಿದ. 'ರವಿವಾರ ಗಾಡಿ ನೀರಿಗೆ ಇಳಿಸ್ತಾರಂತೆ. ನನ್ನ ಮಾತು ಕೇಳುವುದಿಲ್ಲ. ನೀನು ಶುಕ್ರವಾರವೇ ಬಾ, ತಡಿ. ನಿನ್ನ ಅಕ್ಕ ಮುನವ್ವರಾ.'

ಮಧ್ಯಾಹ್ನ ಹನ್ನೆರಡಕ್ಕೆ ಮಕ್ತುಮಸಾಬನ ವಿಚಾರಣೆ ನಡೆಯಿತು. ಹಿಂದಿನ ದಿನದಿಂದ ಅನ್ನ ಮುಟ್ಟದ ಮುಖ ಅವನದು.

"ಗಾಡಿಗೆ ಏನೇನ ಮಾಡಿದಿ?"

"ಇಂಜಿನ್ ಉಪ್ಪುನೀರಿಗೆ ಹಿಡಿದು ಕುಂತಿತ್ರಿ. ಹುಬ್ಬಳ್ಳ್ಯಾಗ ಬೋರ್ ಮಾಡಿಸಿ ಪಿಸ್ಟನ್ ಹಾಕಿಸಿದೆ. ಒಡದ ಮೈಗೆ ಫೈಬರ್ ಮೆತ್ತಿದೆ. ನೀರ ತಳ್ಳು ಪಂಖಾದ ಎಲಿ ಮುರಿದಿದ್ದವು, ಹಿತ್ತಾಳಿ ತುಂಬಿ ಅರಾ ಹಾಕಿ ತಿಕ್ಕಿ ಸಮ ಮಾಡಿದೆ. ಅದು ನಿಂತು ಓಡಸೂ ಗಾಡಿರಿ. ಹಿಂದ ಒಬ್ಬ ಪೇಷಂಟ್ ಕೂಡಲಿ ಅಂತ ಸೀಟು, ಹಿಡಿಕಿ ಕೂಡಿಸಿದೆ."

"ಪೇಷಂಟ್ ಯಾಕ?"

ಅವನು ತಲೆ ತಗ್ಗಿಸಿದ. ನೆಲ ನೋಡುತ್ತಲೇ ಹೇಳಿದ. 1981ರ ಜುಲೈನಲ್ಲಿ ವರದಾ ದಂಡೆಯ ನೆಂಟರ ಊರಿಗೆ ಹೋಗಿದ್ದರು. ಆರು ವರ್ಷದ ಮಗಳು ಜುಬೇದಾಗೆ ಹಾವು ಕಚ್ಚಿತು. ದವಾಖಾನೆ ಆಚೆ ದಂಡೆಗೆ. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿಯವನು ಹುಟ್ಟು ಮುಟ್ಟಲಿಲ್ಲ. ನಾಲ್ಕು ತಾಸು ಕಾದು ಮಗು ದಂಡೆಯ ಮೇಲೆಯೇ ಹೋಯಿತು.

"ಬರೂ ಮಳಿಗಾಲಕ್ಕ ವರದಾದಾಗ ಇಳಸಾಂವ ಇದ್ನಿರಿ. ಮೊದಲ ಕೆರ್‍ಯಾಗ ನೋಡೂಣಂತ ತಂದೆ."

"ಮಜೀದ ಯಾಕ ಹತ್ತಿದ?"

"ತಡ್ಯಾಕ ಬಂದಿದ್ದ. ಬ್ಯಾಡ ಅಂದ. ನಾ ಕೇಳಲಿಲ್ಲ. 'ನಮ್ಮ ಅಕ್ಕ ಗಂಡನ್ನ ಕಳಕೊಂಡು ರಂಡಿ ಆಗೂದ ಬ್ಯಾಡ, ನಿನಗ ಈಜೂ ಬರೂದಿಲ್ಲ, ನೋಡೂದ ಇದ್ರ ಮೊದಲ ನಾ ನೋಡ್ತೇನಿ' ಅಂದು ಅಂಗಿ ಕಳದ."

"ತಳದ ಬಿರಡಿ ಯಾರ ಬಿಚ್ಚಿದ್ರು?"

ಮಕ್ತುಮಸಾಬ ತಲೆ ಎತ್ತಿದ. "ಬಿರಡಿ ಇರಲಿಲ್ಲೇನ್ರಿ?" ಅವನ ತುಟಿ ಬಿಳಿಚಿತು. "ಒಳಗಿನ ನೀರು ಬಸಿಯೂ ಬಿರಡಿರಿ ಅದು. ಶನಿವಾರ ಸಂಜಿಕ ನಾನ ನೂಲು ಸುತ್ತಿ ಬಿಗಿ ಮಾಡೇನಿ. ಗಾಡಿ ಹಗುರ ಇರಲಿ ಅಂತ ಪಂದ್ಯದವ್ರು ಒಳಗಿನ ತೇಲು ಸಾಮಾನು ತಗದಬಿಟ್ಟಿದ್ರು. ನೀರು ತುಂಬಿದ್ರ ಕಲ್ಲಿನಂಗ ಮುಳಗತೈತಿ."

"ತೂತು ತೆರದಿದ್ರ ದಂಡಿಗೇ ಮುಳುಗಬೇಕಿತ್ತಲ್ಲ?"

"ಇಲ್ರಿ. ಜೋರ ಓಡುಮುಂದ ಮೂತಿ ಏಳತೈತಿ, ತೂತಿನಿಂದ ನೀರು ಹೊರಗ ಎಳದ ಹೋಗತೈತಿ. ನಡುಕೆರ್‍ಯಾಗ ತಿರುಗಾಕ ಅಂವ ನಿಧಾನ ಮಾಡಿದ. ಅಲ್ಲೇ ತುಂಬೇತಿ."

ಮಜೀದನಿಗೆ ಈಜು ಬರುತ್ತಿತ್ತು. ಆದರೆ ನಡುಕೆರೆಯ ಬಳ್ಳಿ ಅವನ ಎರಡೂ ಕಾಲಿಗೆ ಸುತ್ತಿತ್ತು. ಹೆಣ ತೆಗೆದ ಮೀನುಗಾರ ಮಾರೆಪ್ಪನೂ ಅದನ್ನೇ ಹೇಳಿದ. ಅಂಗಿ ಕಳೆದು ಹಟ ಹಿಡಿದದ್ದು ಮಜೀದನೇ ಎಂದೂ ಹೇಳಿದ. ತಾನೇ ಏರಬೇಕಿದ್ದ ಗಾಡಿಯ ಬಿರಡೆಯನ್ನು ಮಕ್ತುಮಸಾಬ ಬಿಚ್ಚಿರಲಾರ. ಹಾಗಾದರೆ ಬಿಚ್ಚಿದವರ ಕಣ್ಣಿದ್ದದ್ದು ಮಜೀದನ ಮೇಲಲ್ಲ, ಮಕ್ತುಮಸಾಬನ ಮೇಲೆ. ಉಳವಪ್ಪನಿಗೆ ಅಂಚೆ ಕಾರ್ಡಿನ ದುಂಡನೆಯ ಅಕ್ಷರಗಳು ಕಣ್ಣ ಮುಂದೆ ಬಂದವು. ಹಾಗಾಗದಿರಲಿ ಎಂದು ಅವನು ಒಳಗೊಳಗೇ ಬಯಸಿದ.

ಮಂಗಳವಾರ ಬೆಳಿಗ್ಗೆ ಹಾವೇರಿಯಿಂದ ಮಹಿಳಾ ಪೇದೆ ಸರೋಜವ್ವ ಬಂದಳು. ಹತ್ತೂವರೆಗೆ ಅಕ್ಕಿಆಲೂರಿನ ದುರಸ್ತಿ ಅಂಗಡಿಯ ಪಂಚನಾಮೆ ಆಯಿತು. ಗೋಡೆಯ ಹಲಗೆಯ ಮೇಲೆ ನಟ್ಟು ಬಿಚ್ಚುವ ಪಾನಾಗಳು ಅಳತೆಯಂತೆ ಸಾಲಾಗಿ ತೂಗುತ್ತಿದ್ದವು. ಒಂದು ಮೊಳೆ ಖಾಲಿ ಇತ್ತು. ಅಂಗಡಿಯ ಬೀಗ ಮುರಿದಿರಲಿಲ್ಲ. ರಾತ್ರಿ ಚಾವಿ ತೂಗುವುದು ಹಿತ್ತಲಲ್ಲಿದ್ದ ಮಕ್ತುಮಸಾಬನ ಮನೆಯ ಗೂಟಕ್ಕೆ.

ಆ ಮನೆಯಲ್ಲಿ ಮುನವ್ವರಾ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ತಾಯಿ ಖತೀಜಾಬಿ ಇದ್ದಳು. ಒಲೆಯ ಮೇಲಿನ ಮಾಡದಲ್ಲಿ, ಉಪ್ಪಿನ ಭರಣಿಯ ಪಕ್ಕ ಪಾನಾ ಕಂಡಿತು. ಬಚ್ಚಿಟ್ಟಿರಲಿಲ್ಲ, ಸುಮ್ಮನೆ ಇಟ್ಟಿತ್ತು. ಅದರ ಬಾಯಲ್ಲಿ ಸಫೇದಾ ಒಣಗಿತ್ತು.

"ಕಾರ್ಡು ನೀ ಬರದದ್ದಾ?" ಉಳವಪ್ಪ ನೆಲದ ಮೇಲೆಯೇ ಕುಳಿತು ಕೇಳಿದ.

"ಹೌದ್ರಿ."

"ತಮ್ಮ ಬರ್ತಾನಂತ ಗೊತ್ತಿತ್ತು?"

"ಶುಕ್ರವಾರ ಬರಲಿಲ್ಲ. ಶನಿವಾರಾನೂ ಬರಲಿಲ್ಲ. ಇನ್ನ ಬರೂದಿಲ್ಲ ಅಂದ್ಕೊಂಡೆ."

ಕಾರ್ಡಿನ ಮೇಲಿನ ಸವಣೂರಿನ ಅಂಚೆ ಮುದ್ರೆ ನವೆಂಬರ್ 19ರದು, ಅಂದರೆ ಅದು ಮಜೀದನ ಊರು ಮುಟ್ಟಿದ್ದೇ ಶನಿವಾರ. ಉಳವಪ್ಪ ಅದನ್ನು ಅವಳಿಗೆ ಹೇಳಲಿಲ್ಲ.

"ಅದಕ್ಕ ಬಿರಡಿ ಬಿಚ್ಚಿದಿ."

ಮುನವ್ವರಾ ಸೆರಗಿನ ಗಂಟು ಬಿಚ್ಚಿದಳು. ಹಿತ್ತಾಳೆಯ ಬಿರಡೆಯನ್ನು ನೆಲದ ಮೇಲೆ ಇಟ್ಟಳು. ಖತೀಜಾಬಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ದಂಡಿಗೇ ನೀರು ತುಂಬತೈತಿ, ಮಂದಿ ನಗತಾರ, ಇವ್ರು ಬ್ಯಾಸತ್ತು ಬಿಡ್ತಾರ ಅಂದ್ಕೊಂಡೆ," ಎಂದಳು ಮುನವ್ವರಾ. "ಹೊಳಿ ನನ್ನ ಮಗಳನ್ನ ತಿಂತು. ಮಳಿಗಾಲಕ್ಕ ಇವರೂ ಅದರಾಗ ಇಳೀತಾರ ಅಂತ ಈ ಗಾಡಿ ಬಂದಾಗಿಂದ ನಿದ್ದಿ ಮಾಡಿಲ್ರಿ. ಓಡುಮುಂದ ಮುಳಗೂದಿಲ್ಲಂತ ನನಗ ಗೊತ್ತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಕ್ತುಮಸಾಬ ಗೋಡೆ ಹಿಡಿದುಕೊಂಡ. "ಇಳಿಸೂಕಿಂತ ಮೊದಲ ನಾ ತಳ ನೋಡಬೇಕಿತ್ರಿ," ಎಂದ. "ಅಂವನ ಕೂಡ ವಾದಾ ಮಾಡ್ಕೋತ ಮರತೆ. ನನ್ನ ಹೆಸರೂ ಬರ್ಕೊಳ್ರಿ."

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮುನವ್ವರಾಳನ್ನು ದಸ್ತಗಿರಿ ಮಾಡಿದರು. ಸರೋಜವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಖತೀಜಾಬಿ ಕೂತಲ್ಲೇ ಕೂತಿದ್ದಳು, ಮಗಳತ್ತ ನೋಡಲಿಲ್ಲ. ಜೀಪು ಚಾಲೂ ಆದ ಮೇಲೆ ಎದ್ದು ಬಂದಳು. ತಾನು ಹೊದ್ದಿದ್ದ ಶಾಲನ್ನು ತೆಗೆದು ಮಗಳ ತೊಡೆಯ ಮೇಲೆ ಹಾಕಿದಳು.

"ಹೊದ್ಕೊ," ಎಂದಳು. "ಲಾಕಪ್ಪಿನ ನೆಲ ಥಂಡಿ ಇರತೈತಿ."

ಅಂದು ಸಂಜೆ ಉಳವಪ್ಪ, ಕಲಂ 302ನ್ನು ಕೈಬಿಟ್ಟು ನಿರ್ಲಕ್ಷ್ಯದಿಂದಾದ ಸಾವಿನ ಕಲಂ 304-ಎ ಹಾಕುವಂತೆ ನ್ಯಾಯಾಲಯಕ್ಕೆ ವರದಿ ಬರೆದ. ಕೃತ್ಯದ ಉದ್ದೇಶ ಎಂಬ ಕಡೆ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ ಒಂದೇ ಸಾಲು ಬರೆದು ಸಹಿ ಮಾಡಿದ: 'ಆರೋಪಿತಳು ತನ್ನ ಗಂಡನು ಬದುಕಿರಲೆಂಬ ಉದ್ದೇಶದಿಂದ.'