ರಾಣಿ ಪದ್ಮಲೆಯ ಕೆಂಪು ಚರ್ಮದ ಚೀಲ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕುದುರೆಬೆನ್ನು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯ ಇದ್ದದ್ದು ಒಂದು ಉದ್ದನೆಯ ಗುಡ್ಡದ ಮೇಲೆ. ದೂರದಿಂದ ನೋಡಿದರೆ ಗುಡ್ಡವು ನಿಂತ ಕುದುರೆಯ ಬೆನ್ನಿನಂತೆ ಕಾಣುತ್ತಿತ್ತು. ಅಲ್ಲಿ ಮನುಷ್ಯರಿಗಿಂತ ಕುದುರೆಗಳೇ ಹೆಚ್ಚು. ರಾಜನ ಹೆಸರು ಬಲ್ಲರಸ, ರಾಣಿಯ ಹೆಸರು ಪದ್ಮಲೆ. ಅವರಿಗೆ ಚಂದಲೆ ಎಂಬ ಒಬ್ಬಳೇ ಮಗಳು.

ಚಂದಲೆ ಇನ್ನೂ ತೊಟ್ಟಿಲಲ್ಲಿದ್ದಾಗ ಅರಮನೆಗೆ ಒಬ್ಬ ವ್ಯಾಪಾರಿ ಬಂದ. ಅವನ ಕೈಯಲ್ಲಿ ಒಂದು ಚರ್ಮದ ಚೀಲವಿತ್ತು. ದಾಳಿಂಬೆ ಕಾಳಿನ ಕೆಂಪು ಬಣ್ಣ, ಬೆಣ್ಣೆಯಂಥ ಮೈ. ಬಾಯಿಗೆ ಹಿತ್ತಾಳೆಯ ಕೊಂಡಿ, ಕೊಂಡಿಯ ಮೇಲೆ ಹಲ್ಲು ಕಚ್ಚಿಕೊಂಡ, ಸಿಂಹದಂಥ ಪುಟ್ಟ ಯಾಳಿಯ ಮುಖ.

"ಇದರಲ್ಲಿ ಏನು ಹಾಕಿದರೂ ಹಿಡಿಸುತ್ತದೆ, ಮಹಾರಾಣಿ" ಎಂದ ವ್ಯಾಪಾರಿ.

ರಾಣಿಗೆ ಕುತೂಹಲವಾಯಿತು. ಬಾಚಣಿಗೆ ಹಾಕಿದಳು, ಹಿಡಿಸಿತು. ಕನ್ನಡಿ ಹಾಕಿದಳು, ಹಿಡಿಸಿತು. ರೇಷ್ಮೆ ಸೀರೆ ಹಾಕಿದಳು, ಅದೂ ಹಿಡಿಸಿತು. "ಇದಕ್ಕೆ ತಳವೇ ಇಲ್ಲವೇ?" ಎಂದು ಕೈ ಇಳಿಸಿದಳು. ಕೈ ಸಾಲದೆ ಭುಜ ಇಳಿಸಿದಳು, ಭುಜ ಸಾಲದೆ ತಲೆ ಇಳಿಸಿದಳು. ಕಾಲುಂಗುರದ ಸದ್ದು ಒಮ್ಮೆ ಕೇಳಿಸಿತು, ಅಷ್ಟೇ. ರಾಣಿ ಚೀಲದೊಳಗೆ ಹೋಗಿಬಿಟ್ಟಳು. ಯಾಳಿ ಟಕ್ಕೆಂದು ಬಾಯಿ ಮುಚ್ಚಿತು. ವ್ಯಾಪಾರಿ ನಕ್ಕು, ಧೂಳಾಗಿ ಕಿಟಕಿಯಿಂದ ಹಾರಿಹೋದ. ಅವನು ಶುಷ್ಕಾಕ್ಷನೆಂಬ ಮಾಂತ್ರಿಕನಾಗಿದ್ದ.

ರಾಜನ ಜಟ್ಟಿಗಳು ಕೊಂಡಿಯನ್ನು ಎಳೆದರು. ಯಾಳಿ ಅವರ ಬೆರಳು ಕಚ್ಚಿತು. ಯಾರೋ ಬಿಸಿನೀರು ಸುರಿದರು, ಚೀಲ ಮುದುಡಿಕೊಂಡಿತು. ಕತ್ತರಿ ತಂದಾಗ ಒಳಗಿನಿಂದ ರಾಣಿಯೇ ಕೂಗಿದಳು: "ಬೇಡ! ನೀವು ಕೊಯ್ದರೆ ಇಲ್ಲಿ ಆಕಾಶ ಹರಿಯುತ್ತದೆ!"

ಅಂದಿನಿಂದ ರಾಜ ಯಾರಿಗೂ ಚೀಲ ಮುಟ್ಟಲು ಬಿಡಲಿಲ್ಲ. ರಾಣಿಗೆ ಬೆಳಕೆಂದರೆ ಇಷ್ಟವೆಂದು, ಅದನ್ನು ಪೂರ್ವದ ಕಿಟಕಿಯ ಬಿಸಿಲಿನಲ್ಲಿ ಪಟ್ಟೆಯ ದಿಂಬಿನ ಮೇಲೆ ಇರಿಸಿದ.

ಚಂದಲೆ ಆ ದಿಂಬಿನ ಪಕ್ಕದಲ್ಲೇ ಬೆಳೆದಳು. ಚೀಲದ ಹತ್ತಿರ ಕಿವಿಯಿಟ್ಟು ಅಮ್ಮನ ಲಾಲಿ ಕೇಳಿದಳು, ಅಮ್ಮನ ಕತೆ ಕೇಳಿದಳು, ಅಮ್ಮನಿಂದಲೇ ಮಗ್ಗಿ ಕಲಿತಳು. ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳಿದಳು.

"ಅಲ್ಲಿ ನೆಲ ಹೇಗಿದೆ, ಅಮ್ಮ?"

"ಕೆಂಪು ಮರಳು, ಮಗಳೇ."

"ಹಸಿವಾಗುವುದಿಲ್ಲವೇ?"

"ಇಲ್ಲಿ ಹಸಿವಿಲ್ಲ. ಬಾಯಾರಿಕೆ ಮಾತ್ರ ಇದೆ. ಸೀರೆಯನ್ನೇ ಡೇರೆ ಮಾಡಿಕೊಂಡಿದ್ದೇನೆ."

ವರ್ಷಗಳು ಕಳೆದವು. ಚೀಲದ ಬಣ್ಣ ಮಾಸಿತು. ಮೈಮೇಲೆ ಸಣ್ಣ ಸಣ್ಣ ಬಿರುಕು ಎದ್ದವು. ರಾಣಿಯ ದನಿ ದಿನೇ ದಿನೇ ಸಣ್ಣಗಾಯಿತು. ಒಂದು ಬೆಳಿಗ್ಗೆ ಅವಳು, "ಮಗಳೇ, ಇಲ್ಲಿ ಆಕಾಶ ಬಿರಿಯುತ್ತಿದೆ. ಧೂಳಿನಲ್ಲಿ ಉಸಿರಾಡಲು ಆಗುತ್ತಿಲ್ಲ" ಎಂದಳು. ಆಮೇಲೆ ಮಾತೇ ಇಲ್ಲ, ಕೆಮ್ಮು ಮಾತ್ರ.

ಚಂದಲೆ ಚೀಲದ ಬಿರುಕುಗಳನ್ನೇ ನೋಡುತ್ತ ಕುಳಿತಳು. ಆಗ ಅವಳಿಗೊಂದು ಯೋಚನೆ ಬಂತು. ಲಾಯದಲ್ಲಿ ಅಜ್ಜನ ಕಾಲದ ಜೀನುಗಳಿವೆಯಲ್ಲ, ಅವೂ ಚರ್ಮದವೇ. ಅವು ಯಾಕೆ ಬಿರಿದಿಲ್ಲ?

ಅವಳು ಲಾಯಕ್ಕೆ ಓಡಿದಳು. ಅಲ್ಲಿ ಜೀನು ಹೊಲಿಯುವ ದೇಮವ್ವ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಳು. ಅವಳಿಗೆ ವಯಸ್ಸಾಗಿ ಕೈ ನಡುಗುತ್ತಿತ್ತು.

"ಚರ್ಮಕ್ಕೂ ಬಾಯಾರಿಕೆ ಆಯ್ತದೆ ಕಣವ್ವ," ಎಂದಳು ದೇಮವ್ವ. "ಕುಡಿಸ್ತಾ ಇದ್ರೆ ಬದುಕ್ತದೆ. ಬಿಸಿಲಿಗಿಟ್ರೆ ಸಾಯ್ತದೆ."

"ನೀನೇ ಬಂದು ಅಮ್ಮನ ಚೀಲ ಸರಿಮಾಡು."

"ಈ ನಡುಗೋ ಕೈಯಲ್ಲಾ? ಬ್ಯಾಡ. ನೀನೇ ಕಲಿ. ಮೊದ್ಲು ಒಂದು ಹಳೇ ಜೀನು ತಗೋ, ಅದನ್ನ ಕೆಡಿಸು. ಕೆಡಿಸ್ದೆ ಯಾರಿಗೂ ಬಂದಿಲ್ಲ ಈ ಕೆಲ್ಸ."

ಚಂದಲೆ ಒಂದು ಜೀನು ಕೆಡಿಸಿದಳು. ಇನ್ನೊಂದನ್ನು ಅರ್ಧ ಕೆಡಿಸಿದಳು. ಮೂರನೆಯದು ಅವಳ ಕೈಯಲ್ಲಿ ಮೆತ್ತಗಾಗಿ ಹೊಳೆಯಿತು. ಅವಳು ನೇರವಾಗಿ ತಂದೆಯ ಬಳಿಗೆ ಹೋದಳು.

"ಅಪ್ಪಾಜಿ, ಚೀಲ ನನಗೆ ಕೊಡಿ."

"ಯಾರೂ ಮುಟ್ಟಬಾರದು! ಮುಟ್ಟಿದರೆ ಅವಳಿಗೆ ಏನಾದರೂ ಆದೀತು."

"ಮುಟ್ಟದೆ ಬಿಸಿಲಿನಲ್ಲಿ ಇಟ್ಟದ್ದಕ್ಕೇ ಹೀಗಾಗಿದೆ, ಅಪ್ಪಾಜಿ."

ರಾಜನ ಮುಖ ಬಿಳುಚಿತು. "ಬೆಳಕಿರಲಿ ಅಂತ ಇಟ್ಟೆ... ನಾನೇ ಒಣಗಿಸಿದೆನೇ?" ಎಂದ. ಚಂದಲೆ ಅವನ ಕೈ ಹಿಡಿದುಕೊಂಡಳು. ರಾಜ ತಾನೇ ದಿಂಬಿನಿಂದ ಚೀಲವನ್ನೆತ್ತಿ ಅವಳ ಮಡಿಲಲ್ಲಿಟ್ಟ.

ಮೊದಲನೆಯ ಕೆಲಸ ಧೂಳು ತೆಗೆಯುವುದು. ಚಂದಲೆ ತಂಪಾದ ನೆರಳಿನಲ್ಲಿ ಕುಳಿತು, ಕುದುರೆ ಕೂದಲಿನ ಕುಂಚದಿಂದ ಮಡಿಕೆ ಮಡಿಕೆಯಲ್ಲೂ ಸವರಿದಳು. ಆಮೇಲೆ ಬಟ್ಟೆಯನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒರೆಸಿದಳು. ಕೊಳೆ ಬಿಡುತ್ತಿದ್ದಂತೆ ಅವಳಿಗೆ ಆತುರ ಹೆಚ್ಚಿತು. ಒಂದು ಕಲೆಯನ್ನು ಜೋರಾಗಿ ಉಜ್ಜಿದಳು. ಬಟ್ಟೆಗೆ ಕೆಂಪು ಬಣ್ಣ ಹತ್ತಿತು. ಒಳಗೆ ರಾಣಿ ಚೀರಿದಳು: "ಅಯ್ಯೋ, ಬೆಟ್ಟವೊಂದು ಕರಗಿಹೋಯಿತು!"

ಚಂದಲೆಯ ಕೈ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಆ ಕಲೆಯನ್ನು ಕಲೆಯಾಗಿಯೇ ಬಿಟ್ಟು, ಉಳಿದದ್ದನ್ನು ಮಗುವಿನ ಕೆನ್ನೆ ಒರೆಸುವಂತೆ ಒರೆಸಿದಳು. ಸಂಜೆಯ ಹೊತ್ತಿಗೆ ರಾಣಿಯ ಕೆಮ್ಮು ನಿಂತಿತು.

"ಮಗಳೇ, ಬಿರುಗಾಳಿ ಅಡಗಿತು! ಇಲ್ಲಿ ಇಷ್ಟೊಂದು ದೂರ ಕಾಣಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ."

ಎರಡನೆಯ ಕೆಲಸ ಎಣ್ಣೆ ಕುಡಿಸುವುದು. ಚಂದಲೆ ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ ಆರಿಸುತ್ತಿದ್ದಾಗ ಅರಮನೆಯ ಬಾಗಿಲಿಗೆ ಸುಗಂಧತೈಲ ಮಾರುವ ಒಬ್ಬ ಗಂಧದವನು ಬಂದ. ಅವನ ತುಟಿಗಳು ಒಡೆದಿದ್ದವು.

"ಆ ಜಿಡ್ಡು ಯಾಕೆ, ರಾಜಕುಮಾರಿ? ನನ್ನ ತೈಲ ಹಚ್ಚಿ. ಒಂದೇ ಸಲಕ್ಕೆ ಹೊಸದರಂತೆ ಹೊಳೆಯುತ್ತದೆ" ಎಂದು ಗಾಜಿನ ಕುಪ್ಪಿ ಚಾಚಿದ. ತೈಲ ನವಿಲುಗರಿಯಂತೆ ಬಣ್ಣ ಬದಲಿಸುತ್ತಿತ್ತು.

ಚಂದಲೆಗೆ ಆಸೆಯಾಯಿತು. ಆದರೆ ಕೆಡಿಸಿದ ಜೀನು ನೆನಪಾಯಿತು. ಚೀಲದ ಹೆಗಲಪಟ್ಟಿಯ ಅಡಿಯಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ, ಒಂದೇ ಒಂದು ಹನಿ ಮುಟ್ಟಿಸಿದಳು. ಚರ್ಮ ಚುರ್ರೆಂದು ಕಪ್ಪಾಯಿತು.

"ಮಗಳೇ, ದೂರದಲ್ಲಿ ಏನೋ ಉರಿಯುತ್ತಿದೆ!" ಎಂದಳು ರಾಣಿ.

"ಯಾರು ನೀನು?" ಎಂದು ಚಂದಲೆ ತಲೆಯೆತ್ತಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಹಿಡಿ ಧೂಳಿತ್ತು.

ಅವಳು ತನ್ನ ಎಣ್ಣೆಯನ್ನೇ ಬೆರಳ ತುದಿಯಲ್ಲಿ ತೆಗೆದುಕೊಂಡು ತೆಳುವಾಗಿ ಹಚ್ಚಿದಳು. ಚರ್ಮ ಕುಡಿಯಿತು. ಕಾದಳು. ಮತ್ತೆ ಹಚ್ಚಿದಳು, ಮತ್ತೆ ಕಾದಳು. ಹೀಗೆ ದಿನಗಳೇ ಕಳೆದವು. ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡವು, ದಾಳಿಂಬೆಯ ಬಣ್ಣ ಮೆಲ್ಲನೆ ತಿರುಗಿ ಬಂತು. ಒಂದು ಮಧ್ಯಾಹ್ನ ಚೀಲದೊಳಗಿನಿಂದ ತಟತಟ ಸದ್ದು ಕೇಳಿಸಿತು.

"ಅದೇನಮ್ಮ ಸದ್ದು?"

ರಾಣಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಮಳೆ, ಚಂದಲೆ! ಬೆಚ್ಚಗಿನ ಮಳೆ! ಬಾಯಿ ತೆರೆದು ಕುಡಿಯುತ್ತಿದ್ದೇನೆ!"

ಮೂರನೆಯ ಕೆಲಸ ಹೊಲಿಗೆ. ಚೀಲದ ಒಂದು ಅಂಚು ಬಿಚ್ಚಿಹೋಗಿತ್ತು. ಚಂದಲೆ ಹೊಸ ತೂತು ಮಾಡದೆ, ಹಳೆಯ ತೂತುಗಳಲ್ಲೇ ಮೇಣದ ದಾರ ಪೋಣಿಸಿದಳು. ಕೊನೆಯ ಗಂಟು ಬಿದ್ದಾಗ ಒಳಗಿನ ಆಕಾಶದ ಅಂಚು ನೆಲಕ್ಕೆ ಕೂಡಿಕೊಂಡಿತು. ಅಲ್ಲಿಂದ ಚೀಲದ ಬಾಯಿಯವರೆಗೆ ಒಂದು ಕಾಲುದಾರಿ ಮೂಡಿತು. ರಾಣಿ ಆ ದಾರಿ ಹಿಡಿದು ನಡೆದು ಬಂದಳು. ಬಾಯಿ ಮಾತ್ರ ಮುಚ್ಚಿತ್ತು.

ಉಳಿದದ್ದು ಯಾಳಿ. ಅದರ ಹಲ್ಲಿನ ಸಂದಿಯಲ್ಲೆಲ್ಲ ಹಸಿರು ಕಿಲುಬು. ಚಂದಲೆ ಚರ್ಮಕ್ಕೆ ತಾಗದಂತೆ ಬಾಳೆಲೆಯ ಚೂರೊಂದನ್ನು ಅಡ್ಡಹಿಡಿದು, ಬಟ್ಟೆಯ ತುದಿಯಿಂದ ಒಂದೊಂದೇ ಹಲ್ಲು ತಿಕ್ಕಿದಳು. ಯಾಳಿ ಕಣ್ಣು ಬಿಟ್ಟಿತು.

"ಹಿಂದಿನ ಹಲ್ಲು ಸ್ವಲ್ಪ ನೋಡು. ಅಲ್ಲೇ ನೋವು" ಎಂದಿತು.

ಚಂದಲೆ ಬೆಚ್ಚಿದಳು, ಆದರೂ ಆ ಹಲ್ಲನ್ನೂ ತಿಕ್ಕಿದಳು. "ನೀನು ಯಾಕೆ ಎಲ್ಲರನ್ನೂ ಕಚ್ಚುತ್ತೀ?"

"ಕೊಂಡಿ ಎಳೆದವರನ್ನೆಲ್ಲ ಕಚ್ಚು ಅಂತ ಶುಷ್ಕಾಕ್ಷನ ಅಪ್ಪಣೆ. ಈ ಚರ್ಮದಿಂದ ಆರಿಹೋಗುವ ಒಂದೊಂದು ಹನಿಯೂ ಅವನ ಮೈ ಸೇರುತ್ತದೆ. ಒಳಗೊಂದು ಜೀವ ಇದ್ದರೆ ಚರ್ಮದಲ್ಲಿ ತೇವ ಹುಟ್ಟುತ್ತಲೇ ಇರುತ್ತದೆ. ಅದನ್ನು ಕುಡಿದೇ ಅವನು ಮುದುಕನಾಗದೆ ಉಳಿದ. ಈಗ ನೀನು ಎಣ್ಣೆ ಹಾಕಿ ತೇವವನ್ನು ಒಳಗೇ ನಿಲ್ಲಿಸಿದ್ದೀಯ. ಅವನು ಬಾಯಾರಿ ಬರುತ್ತಾನೆ."

ಮಾತು ಮುಗಿಯುವ ಮೊದಲೇ ಕಿಟಕಿಯಿಂದ ಧೂಳು ನುಗ್ಗಿತು. ಶುಷ್ಕಾಕ್ಷ ಎದುರು ನಿಂತ. ತಲೆಗೂದಲು ನರೆತಿತ್ತು, ನಾಲಗೆ ಹೊರಚಾಚಿತ್ತು. ಅವನು ಚಂದಲೆಯನ್ನು ತಳ್ಳಿ ಚೀಲ ಕಸಿದುಕೊಂಡ. "ನನ್ನ ನೀರು! ನನ್ನ ನೀರು ಕೊಡು!" ಎಂದು ಅರಚುತ್ತ ಎರಡೂ ಕೈಯಲ್ಲಿ ಕೊಂಡಿ ಹಿಡಿದು ಎಳೆದ.

ಯಾಳಿ ಕಚ್ಚಿತು.

"ನನ್ನನ್ನೇ ಕಚ್ಚುತ್ತೀಯಾ!"

"ಎಳೆದವರನ್ನೆಲ್ಲ ಕಚ್ಚು ಅಂತ ನೀನೇ ಅಂದೆ," ಎಂದಿತು ಯಾಳಿ ಹಲ್ಲಿನ ಸಂದಿಯಿಂದ. "ನಿನ್ನನ್ನು ಬಿಟ್ಟು ಅನ್ನಲಿಲ್ಲ."

ಅವನ ಬೆರಳಿನಿಂದ ರಕ್ತ ಬರಲಿಲ್ಲ, ನೀರು ಬಂತು. ಇಷ್ಟು ವರ್ಷ ಕುಡಿದ ನೀರೆಲ್ಲ ಹರಿದು ಚೀಲದೊಳಗೆ ಸೇರಿತು. ಶುಷ್ಕಾಕ್ಷ ಕುಗ್ಗಿದ, ಸುಕ್ಕಾದ, ಒಣಗಿದ ಎಲೆಯಾದ. ಗಾಳಿ ಬೀಸಿ ಎಲೆಯನ್ನು ಗುಡ್ಡದಾಚೆ ಒಯ್ದಿತು.

ಚಂದಲೆ ಎದ್ದು ಬಂದಳು. ಅವಳು ಕೊಂಡಿ ಎಳೆಯಲಿಲ್ಲ. ಬಗ್ಗಿ, "ಬಾಯಿ ತೆರೆಯುತ್ತೀಯಾ?" ಎಂದು ಕೇಳಿದಳು.

"ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದು ಯಾಳಿ ಬಾಯಿ ತೆರೆಯಿತು.

ಮೊದಲು ಒಂದು ಒದ್ದೆ ಕೈ ಬಂತು, ಆಮೇಲೆ ಭುಜ, ಆಮೇಲೆ ಕೆಂಪು ಮಣ್ಣು ಮೆತ್ತಿದ ಮುಖ. ರಾಣಿ ಪದ್ಮಲೆ ಹೊರಗೆ ಬಂದು ನಿಂತಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ತೊಟ್ಟಿಲ ದಿನಗಳಾದ ಮೇಲೆ ಇಬ್ಬರಿಗೂ ಗೊತ್ತಿದ್ದದ್ದು ದನಿ ಮಾತ್ರ. ರಾಣಿ ಮಗಳ ಹಣೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಮೂಗು ಮುಟ್ಟಿದಳು.

"ಈ ದನಿಗೆ ಇಂಥ ಮೂಗು ಇರುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ" ಎಂದಳು.

ಚಂದಲೆ ನಗುತ್ತ ನಗುತ್ತ ಅತ್ತುಬಿಟ್ಟಳು. ರಾಜ ಬಲ್ಲರಸ ಬಾಗಿಲಲ್ಲಿ ನಿಂತು, "ನೀರು ಬೇಕೇ?" ಎಂದು ಕೇಳಿದ.

"ನೀರು ಸಾಕು," ಎಂದಳು ರಾಣಿ. "ಊಟ ಬೇಕು."

ಆ ದಿನ ಇಡೀ ಗುಡ್ಡದಲ್ಲಿ ಒಲೆ ಉರಿಯಿತು. ದೇಮವ್ವನನ್ನು ರಾಣಿ ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದಳು.

ಚೀಲದೊಳಗೆ ಅಷ್ಟು ನೀರು ಸೇರಿತ್ತಲ್ಲ, ಕೆಂಪು ಮರಳಿನಲ್ಲಿ ಎದೆಯೆತ್ತರದ ಹುಲ್ಲು ಬೆಳೆಯಿತು. ಬೇಸಿಗೆ ಬಂದರೆ ಕುದುರೆಬೆನ್ನಿನ ಜನ ಮರಿಗುದುರೆಗಳನ್ನು ಅಲ್ಲಿಗೆ ಮೇಯಲು ಬಿಡುತ್ತಿದ್ದರು. ಚಂದಲೆ ಹಬ್ಬಕ್ಕೊಮ್ಮೆ ಚೀಲಕ್ಕೆ ಎಣ್ಣೆ ಹಚ್ಚುತ್ತಿದ್ದಳು, ಒಳಗೆ ಹದವಾಗಿ ಮಳೆಯಾಗುತ್ತಿತ್ತು. ಸಂಜೆ ಮರಿಗಳು ಒಂದರ ಹಿಂದೆ ಒಂದು ಹೊರಗೆ ಜಿಗಿಯುವಾಗ ಅವುಗಳ ಮೈಯಿಂದ ಹಸಿ ಹುಲ್ಲಿನ ವಾಸನೆ ಬರುತ್ತಿತ್ತು. ಎಲ್ಲವೂ ಬಂದವೇ ಎಂದು ನೋಡಿಕೊಂಡ ಮೇಲೆಯೇ ಯಾಳಿ ಬಾಯಿ ಮುಚ್ಚುತ್ತಿತ್ತು. ಗುಡ್ಡದ ಮೇಲೆ ರಾಜ, ರಾಣಿ, ಮಗಳು, ಮಂದಿ, ಕುದುರೆ ಎಲ್ಲರೂ ಹೊಟ್ಟೆ ತುಂಬಿ, ನಗುನಗುತ್ತಾ ಬಾಳಿದರು.