ದಿಶಾ ಕಿತ್ತುಹಾಕಿದ ಕೋಡ್

"ನನ್ನ ಪ್ಯಾಚ್ ಯಾಕೆ ವಾಪಸ್ ಕಳಿಸಿದ್ರಿ?"

ದಿಶಾ ಕೇಳಿದ ರಭಸಕ್ಕೆ ಹಿತೇಶನ ಕೈಯಲ್ಲಿದ್ದ ಚಹಾ ತುಳುಕಿತು. 2009ರ ಚಳಿಗಾಲ. ದೆಹಲಿ ಪಕ್ಕದ ನೋಯ್ಡಾದ ಆ ಆಫೀಸಿನಲ್ಲಿ ಕನ್ನಡ ಬರುತ್ತಿದ್ದವರು ಅವರಿಬ್ಬರೇ. ಜಗಳಕ್ಕೆ ಅದೇ ಅನುಕೂಲ.

ಪ್ರೊಸೆಸರ್‌ಗೆ ಕೆಲಸವಿಲ್ಲದಾಗ ಅದನ್ನು ವಿಶ್ರಾಂತಿಗೆ ಕಳಿಸುವ ಹಳೆಯ ಕೋಡೊಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನಲ್ಲಿ ಉಳಿದುಬಿಟ್ಟಿತ್ತು. ಹೊಸ ವಿಧಾನ ಬಂದ ಮೇಲೆ ಅದನ್ನು ಯಾರೂ ಬಳಸುತ್ತಿಲ್ಲವೆಂದು ದಿಶಾ ಕಿತ್ತುಹಾಕಿ, ಆ ತಿದ್ದುಪಡಿಯನ್ನು ಪ್ಯಾಚ್ ಆಗಿ ಕಳಿಸಿದ್ದಳು. ಆ ಹಳೆಯ ಕೋಡ್ ಬರೆದವನೂ, ಪ್ಯಾಚ್ ಒಪ್ಪಬೇಕಾದವನೂ ಹಿತೇಶ.

"ಬಳಸೋರಿದ್ದಾರೆ ರೀ. ಡೆಲ್ಲಿಯ ರೋಹಿಣಿಯಲ್ಲಿ ನಮ್ಮ ಹೋಟೆಲಿನ ಬಿಲ್ಲಿಂಗ್ ಮೆಷಿನ್! ಹಳೇ ಮದರ್‌ಬೋರ್ಡು. ಅದು ನಿಂತುಹೋದ್ರೆ ಅಮ್ಮ ನನ್ನನ್ನ ಮನೆಗೆ ಸೇರಿಸಲ್ಲ."

"ಅಚ್ಛಾ? ಚಲೋ, ಭಾನುವಾರ ಅಲ್ಲೇ ಟೆಸ್ಟ್ ಮಾಡೋಣ."

ಹೇಳಿದ ಮೇಲೆ ಅವಳ ಕೆನ್ನೆ ಬಿಸಿಯಾಯಿತು. ಸೀಟಿಗೆ ಮರಳಿ ಆ ಬೋರ್ಡಿನ ವಿವರ ಹುಡುಕಿದಳು. ಆ ಬೋರ್ಡಿಗೂ ಹಳೆಯ ಕೋಡ್ ಬೇಕಿರಲಿಲ್ಲ. ಹಾಗೆಂದು ಒಂದು ಮೇಲ್ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ.

ದಿಶಾಳ ಅಪ್ಪ ಬಿದ್ದಪ್ಪ ಸೇನೆಯಿಂದ ನಿವೃತ್ತರಾಗಿ ಮುಂದಿನ ತಿಂಗಳು ತಮ್ಮೂರು ಮಡಿಕೇರಿಗೆ ಹೊರಟಿದ್ದರು. ಮಗಳೂ ಜೊತೆಗೆ ಬರಲೆಂಬ ಆಸೆ ಅವರಿಗೆ. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಭಾನುವಾರ ಊಟದ ಗದ್ದಲ ಇಳಿದ ಮೇಲೆ ಗಲ್ಲಾದ ಹಿಂದೆ ಇಬ್ಬರೂ ಭುಜ ತಾಗುವಷ್ಟು ಹತ್ತಿರ ಕುಳಿತರು. ದಿಶಾ ಹಳೆಯ ಕೋಡ್ ತೆಗೆದ ಹೊಸ ಕರ್ನೆಲ್ ಹಾಕಿದಳು. ಪರದೆ ಕಪ್ಪಾಯಿತು. ಹಿತೇಶನ ಕಣ್ಣು ಪರದೆಯ ಮೇಲೆ; ಅವಳದು ದೋಸೆ ಹಿಟ್ಟು ಮೆತ್ತಿದ್ದ ಅವನ ಮೊಣಕೈ ಮೇಲೆ.

ಮೆಷಿನ್ ಎದ್ದಿತು. ಕಿರ್ರೆಂದು ಬಿಲ್ ಹೊರಬಂತು.

"ಏನು, ಹಾಳು ಮಾಡಿದ್ರಾ?" ಅಡುಗೆಮನೆಯಿಂದ ಅವನ ತಾಯಿ ನೀಲಾವತಿ ಕೂಗಿದರು.

"ಇಲ್ಲ ಆಂಟಿ, ಏಕ್‌ದಂ ಸರಿ ಇದೆ!"

ಹಿತೇಶ ಪೆಚ್ಚಾಗಿ ನಕ್ಕ. "ನಾನು ಬರೆದ ಮೊದಲ ಕೋಡ್ ಅದು. ಬಿಡೋಕೆ ಮನಸ್ಸು ಬರಲಿಲ್ಲ. ನಾಳೆ ನಿಮ್ಮ ಪ್ಯಾಚ್ ಸೇರಿಸ್ತೀನಿ."

"ಇದು ನಡೆಯುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು."

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?"

ದಿಶಾ ಬಿಲ್ಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆಪ್‌ಸೇ ಮಿಲ್‌ನೇ."

"ಕನ್ನಡದಲ್ಲಿ ಹೇಳಿ."

"ನಿಮ್ಮನ್ನ ನೋಡೋಕೆ! ಪಪ್ಪ ಊರಿಗೆ ಕರೀತಿದ್ದಾರೆ. ನನಗೆ ಇಲ್ಲೇ, ನಿಮ್ಮ ಹತ್ತಿರ ಇರೋಕೆ ಇಷ್ಟ. ನಿಮಗೆ?"

ಅವನ ಮುಖ ಕಿವಿಯವರೆಗೂ ಕೆಂಪೇರಿತು. ಮೇಜಿನಡಿ ಅವಳ ಕೈ ಹುಡುಕಿ ಹಿಡಿದ.

"ಇರು ದಿಶಾ," ಎಂದ. ಮೊದಲ ಬಾರಿಗೆ ಏಕವಚನ.

ಸಂಜೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಲ್ಲಿ ನಿಂತು ಅವಳು ಫೋನ್ ಮಾಡಿದಳು. "ಪಪ್ಪಾ, ನಾನು ಡೆಲ್ಲಿಯಲ್ಲೇ ಇರ್ತೀನಿ. ಕಾರಣನಾ? ಪಕ್ಕದಲ್ಲೇ ನಿಂತಿದ್ದಾರೆ, ಮಾತಾಡಿ."

ಫೋನನ್ನು ಅವನ ಕಿವಿಗೆ ಹಿಡಿದೇಬಿಟ್ಟಳು. "ನಮಸ್ಕಾರ ಸರ್" ಎನ್ನುತ್ತ ಹಿತೇಶ ಸಿಪಾಯಿಯಂತೆ ನೆಟ್ಟಗೆ ನಿಂತ. ಅವಳ ಕೈ ಮಾತ್ರ ಬಿಡಲಿಲ್ಲ.